ಕರಿಯಾಕೂ

ಪಾಠ ಒಂಬತ್ತು. ಒಂದನೆಯ ಮಹಾಯುದ್ಧ.
ಕಾರಣಗಳು ನಾಲ್ಕು, ಪರಿಣಾಮಗಳು ಐದು.
ಇಪ್ಪತ್ತೆರಡು ವರ್ಷ ಇದನ್ನೇ
ಕರಿಹಲಗೆಯ ಮೇಲೆ ಬರೆದೆ, ಅಳಿಸಿದೆ.
ಎಲ್ಲೋ ಒಂದೂರಲ್ಲಿ ಒಬ್ಬ ರಾಜಕುಮಾರನಿಗೆ
ಗುಂಡು ತಾಗಿತು ಎಂದು ಓದುತ್ತಿದ್ದಾಗ
ಹಿಂದಿನ ಬೆಂಚಿನ ಮ್ವಾನೈದಿ ಕೈಯೆತ್ತಿದಳು:
“ಟೀಚರ್, ಅವನು ನಮಗೆ ಏನಾಗಬೇಕು?”

ತರಗತಿ ನಕ್ಕಿತು. ನಾನೂ ನಕ್ಕೆ.
ರಾತ್ರಿ ನಿದ್ದೆ ಬರಲಿಲ್ಲ.

ಅಜ್ಜಿ ಸಿವೇಮಾ ಹೇಳುತ್ತಿದ್ದ ಯುದ್ಧದಲ್ಲಿ
ರಾಜಕುಮಾರ ಇರಲಿಲ್ಲ, ಕಾರಣವೂ ಇರಲಿಲ್ಲ.
ಮಹೆಂಗೆ ಗುಡ್ಡದ ಕೆಳಗೆ
ಮೆಕ್ಕೆಜೋಳ ಹಾಲುಗಟ್ಟಿದ್ದ ತಿಂಗಳು.
ಬಂದವರು ಬಾಗಿಲು ಬಡಿಯಲಿಲ್ಲ,
ಬಾಗಿಲನ್ನೇ ಎತ್ತಿ ಪಕ್ಕಕ್ಕಿಟ್ಟರು.
ಅಪ್ಪನ ಕೊರಳಿಗೆ ಹಗ್ಗ,
ಹಗ್ಗದ ತುದಿಗೆ ಪಕ್ಕದ ಮನೆಯವನು,
ಅವನಾಚೆ ಇನ್ನೊಬ್ಬ.
ಹೂ ಕಟ್ಟಿದ ಹಾಗೆ ಊರನ್ನು ಕಟ್ಟಿಕೊಂಡು ಹೋದರು.

ಮೊದಲು ಜರ್ಮನರ ಪೆಟ್ಟಿಗೆ ಹೊತ್ತ.
ಕಾಡಿನಲ್ಲಿ ಇಂಗ್ಲಿಷರು ಗೆದ್ದ ದಿನ
ಅವರ ಪೆಟ್ಟಿಗೆ ಹೊತ್ತ.
“ಅದೇ ಪೆಟ್ಟಿಗೆ,” ಅನ್ನುತ್ತಿದ್ದಳು ಅಜ್ಜಿ,
“ಒಂದು ಮೊಳೆಯೂ ಬದಲಾಗಿರಲಿಲ್ಲ,
ಬೈಗುಳದ ಭಾಷೆ ಮಾತ್ರ.”
ಇದನ್ನು ಅವಳಿಗೆ ಹೇಳಿದವನು ಲಿಕ್ವಾಟಾ,
ಹಗ್ಗದಲ್ಲಿ ಅಪ್ಪನ ಹಿಂದಿದ್ದವನು,
ನಾಲ್ಕು ಕಾಲ್ಬೆರಳನ್ನು ದಾರಿಯಲ್ಲೇ ಬಿಟ್ಟು ಬಂದವನು.
ಅಪ್ಪ ಸತ್ತದ್ದು ಗುಂಡಿಗಲ್ಲ.
ರುಫೀಜಿ ಹೊಳೆಯ ಕೆಸರಲ್ಲಿ ಹಸಿ ಹಿಟ್ಟು ತಿಂದು
ಹೊಟ್ಟೆ ನಿಲ್ಲದೆ, ಮೂರನೆಯ ದಿನ.
ಪೆಟ್ಟಿಗೆಯೂ ನಿಲ್ಲಲಿಲ್ಲ,
ಇನ್ನೊಂದು ತಲೆಗೆ ಹೋಯಿತು.

ಸತ್ತ ಹೊರೆಯಾಳುಗಳು ಎಷ್ಟು?
ಪುಸ್ತಕ ‘ಸುಮಾರು’ ಅನ್ನುತ್ತದೆ.
ಸುಮಾರು! ಎಂಥ ತಂಪು ಶಬ್ದ,
ಎಷ್ಟು ಸಾವಿರ ಜನ ಮಲಗಬಹುದು ಅದರ ನೆರಳಲ್ಲಿ.

ಮರುದಿನ ಪಠ್ಯ ಮುಚ್ಚಿಟ್ಟು
ಮಕ್ಕಳನ್ನು ಮಾರುಕಟ್ಟೆಗೆ ನಡೆಸಿದೆ.
ದಾರಿಯಲ್ಲಿ ಕಂಚಿನ ಸೈನಿಕ,
ಬಂದೂಕು ಹಿಡಿದು ಮುಂದಕ್ಕೆ ಬಾಗಿದವನು.
ಅವನನ್ನು ದಾರ್ ಎಸ್ ಸಲಾಮಿನ ಕಾಗೆಗಳೂ ಬಲ್ಲವು.
ನಾವು ನಿಲ್ಲಲಿಲ್ಲ.

ಕರಿಯಾಕೂ.
ಒಣಮೀನು, ಲವಂಗ, ಯಾರದೋ ದೇಶದ ಹಳೇ ಕೋಟುಗಳ ರಾಶಿ.
“ಈ ಹೆಸರು ಎಲ್ಲಿಂದ ಬಂತು, ಹೇಳಿ?”
ಯಾವುದೋ ಮಸಾಲೆ ಇರಬೇಕು ಅಂದ ಒಬ್ಬ.
ಸುಲ್ತಾನನ ಹೆಂಡತಿ ಅಂದಳು ಇನ್ನೊಬ್ಬಳು.
ಇಲ್ಲ. ಇಂಗ್ಲಿಷರ ಹೊರೆಯಾಳುಗಳ ಠಾಣ್ಯ ಇಲ್ಲಿತ್ತು,
ಕ್ಯಾರಿಯರ್ ಕೋರ್.
ನಮ್ಮವರ ಬಾಯಿ ಅದನ್ನು ಕಲ್ಲುಸಕ್ಕರೆಯ ಹಾಗೆ
ಚೀಪಿ ಚೀಪಿ ಮೂಲೆಗಳನ್ನು ಕರಗಿಸಿತು.
ಕಲ್ಲಿನಲ್ಲಿ ಯಾರೂ ಕೆತ್ತದ ಅವರನ್ನು
ಬಸ್ಸಿನ ಹುಡುಗ ದಿನಕ್ಕೆ ನೂರು ಸಲ ಕೂಗುತ್ತಾನೆ,
ಬಾಗಿಲಿಗೆ ಜೋತುಬಿದ್ದು, ಚಿಲ್ಲರೆ ಕುಲುಕುತ್ತ,
ಯಾರನ್ನು ಕರೆಯುತ್ತಿದ್ದೇನೆಂದು ತಿಳಿಯದೆ.

ಅಕ್ಕಿಯಂಗಡಿಯವನು ಇಪ್ಪತ್ತೈದು ಕಿಲೋದ ಮೂಟೆ ಕೊಟ್ಟ.
ನನ್ನ ಕಂಗಾ ಬಿಚ್ಚಿ ಸಿಂಬಿ ಸುತ್ತಿದೆ.
ಒಬ್ಬೊಬ್ಬರ ತಲೆಗೂ ಇಟ್ಟು, ಹತ್ತು ಹೆಜ್ಜೆ.
ಕಿರುಚಾಟ, ನಗು, ಕತ್ತು ಉಜ್ಜಿಕೊಳ್ಳುವುದು.
ಸೆಲೆಮಾನಿ ಮಾತ್ರ ಇಳಿಸಲು ಬಿಡಲಿಲ್ಲ.
ಹನ್ನೊಂದು, ಹನ್ನೆರಡು, ಮೀನಿನ ಸಾಲು ದಾಟಿ,
ಕುತ್ತಿಗೆಯ ನರ ಉಬ್ಬಿ, ಕಣ್ಣು ನೆಟ್ಟಗೆ.
“ಟೀಚರ್,” ಅಂದ, “ಎಲ್ಲಿಯವರೆಗೆ?”

ಇದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ.
ಬಂದಿದ್ದರೆ ನಾನೂ ನಪಾಸು.

ಆಗ ಹಿಂದಿನಿಂದ “ದಾರಿ! ದಾರಿ ಬಿಡಿ!”
ತಲೆಯ ಮೇಲೆ ಎರಡು ಮೂಟೆ, ಅಂಟಿದ ಅಂಗಿ,
ಮುಖ ಇತ್ತು, ನೆರಳಲ್ಲಿ ಕಾಣಲಿಲ್ಲ.
ಇಪ್ಪತ್ತೊಂಬತ್ತು ಮಕ್ಕಳೂ ನಾನೂ
ಗೋಡೆಗೆ ಬೆನ್ನು ಹಚ್ಚಿ ನಿಂತೆವು.
ಅವನು ಹೋದ.

ಮೂವತ್ತನೆಯವಳು, ಮ್ವಾನೈದಿ,
ಅವನ ಹೆಸರು ಕೇಳಿ ಬರುತ್ತೇನೆಂದು
ಅದಾಗಲೇ ಓಡಿದ್ದಳು.
ಸಂದಣಿಯಲ್ಲಿ ಅವಳ ನೀಲಿ ಸ್ಕರ್ಟು
ಒಮ್ಮೆ ಕಾಣುತ್ತಿತ್ತು,
ಒಮ್ಮೆ ಇಲ್ಲ.